ಅಮೆರಿಕದ ನೆವಾಡಾದಲ್ಲಿ ಚಿನ್ನದ ಕ್ಲೇಮ್ (ಗಣಿ ಹಕ್ಕು) ಇದ್ದರೆ ಕಂಪನಿಗೆ ಲೀಸ್ ಕೊಡುವುದು ಹೇಗೆ?

ಅಲ್ಲಿ 1872ರ ಗಣಿ ಕಾನೂನು ಇನ್ನೂ ಚಾಲ್ತಿಯಲ್ಲಿದೆ. ಕೇಂದ್ರ ಸರ್ಕಾರ ಗಣಿಗಾರಿಕೆಗೆ ಬಿಟ್ಟ ಜಮೀನಿನಲ್ಲಿ ಅದಿರು ಕಂಡರೆ ಮೂಲೆಗಳಿಗೆ ಗೂಟ ಹೊಡೆದು ಕ್ಲೇಮ್ ಹಾಕಬಹುದು. ಬಂಡೆಯೊಳಗಿನ ಅದಿರಿಗಾದರೆ ಒಂದು ಕ್ಲೇಮ್ ಹೆಚ್ಚೆಂದರೆ 1500 ಅಡಿ ಉದ್ದ, 600 ಅಡಿ ಅಗಲ. ನೆಲ ಸರ್ಕಾರದ್ದೇ, ನಿಮ್ಮದು ಖನಿಜದ ಹಕ್ಕು ಮಾತ್ರ.

ಚಿನ್ನ ಎಷ್ಟಿದೆ ಅಂತ ನೆಲ ಕೊರೆದು ನೋಡುವ ಡ್ರಿಲ್ಲಿಂಗ್‌ಗೆ ಸುರಿಯುವಷ್ಟು ದುಡ್ಡು ಒಬ್ಬರ ಕೈಲಿ ಎಲ್ಲಿರುತ್ತದೆ? ಅದಕ್ಕೇ ಲೀಸ್. ಕಂಪನಿ ವರ್ಷಕ್ಕಿಷ್ಟು ಅಂತ ಕೊಡುತ್ತದೆ, ಗಣಿ ಶುರುವಾದರೆ ರಾಯಲ್ಟಿ, ಅಂದರೆ ಆದಾಯದಲ್ಲಿ ನಿಮಗೊಂದು ಪಾಲು. ಲಾಭದ ಮೇಲಿನ ರಾಯಲ್ಟಿಗೆ ಒಪ್ಪಬೇಡಿ. ಲೆಕ್ಕದಲ್ಲಿ ಲಾಭ ಮಾಯ ಮಾಡುವುದು ಸುಲಭ ಅಲ್ವಾ? ಚಿನ್ನ ಮಾರಿದ ಹಣದಲ್ಲಿ ಸಾಗಣೆ, ಶುದ್ಧೀಕರಣದ ಖರ್ಚಷ್ಟೇ ಕಳೆದು ಉಳಿದದ್ದರಲ್ಲಿ ಪಾಲು ಕೇಳಿ.

ಪ್ರತಿ ಕ್ಲೇಮ್‌ಗೆ ಸರ್ಕಾರಕ್ಕೆ ವರ್ಷಕ್ಕೆ 200 ಡಾಲರ್ ಶುಲ್ಕ ಯಾರು ಕಟ್ಟಬೇಕು ಅನ್ನುವುದನ್ನೂ ಬರೆಸಿ. ಕಟ್ಟದೆ ಸೆಪ್ಟೆಂಬರ್ 1 ದಾಟಿದರೆ ಕ್ಲೇಮ್ ಕೈಬಿಟ್ಟಂತೆ. ಕಂಪನಿ ಬಿಟ್ಟು ಹೋದರೆ ಡ್ರಿಲ್ ಮಾಡಿ ತೆಗೆದ ಕಲ್ಲಿನ ಪೆಟ್ಟಿಗೆಗಳು, ಲ್ಯಾಬ್ ವರದಿಗಳು ನಿಮಗೇ ಬರಬೇಕು. ಮುಂದೆ ಬರುವ ಕಂಪನಿ ಮೊದಲು ಕೇಳುವುದೇ ಅವನ್ನು.

ಭಾರತದಲ್ಲಿ ಹೀಗೆ ಗೂಟ ಹೊಡೆಯಲು ಆಗುವುದಿಲ್ಲ. ಗಣಿ ಕಾನೂನಿನ 2015ರ ತಿದ್ದುಪಡಿ ನಂತರ ಖಾಸಗಿಯವರಿಗೆ ಚಿನ್ನದ ಬ್ಲಾಕ್ (ಗಣಿ ಪ್ರದೇಶ) ಸಿಗುವುದು ಹರಾಜಿನಲ್ಲೇ. ಹಟ್ಟಿ ಗಣಿ ಪಕ್ಕದಲ್ಲೇ ಹೊಲ ಇದ್ದರೂ ಅಷ್ಟೇ.