ಕೊಳವೆ ಸುಳ್ಳಾದರೆ ಸಿನಿಮಾನೂ ಸುಳ್ಳೇ?

ಹೊಸನಗರದ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇದು: ‘1994ರ “ದಿ ಶಾಷಾಂಕ್ ರಿಡೆಂಪ್ಷನ್” ಚಿತ್ರವನ್ನು ನಮ್ಮ ಬಳಗದವರೆಲ್ಲ ಕೂತು ನೋಡಿದೆವು. ಮಾಡದ ಕೊಲೆಗೆ ಜೀವಾವಧಿ ಶಿಕ್ಷೆಗೆ ಬಿದ್ದ ಬ್ಯಾಂಕ್ ಅಧಿಕಾರಿ ಆಂಡಿ ಗೋಡೆ ಕೊರೆದು, ಕೊಳಚೆ ಕೊಳವೆಯನ್ನು ಕಲ್ಲಿನಿಂದ ಒಡೆದು, ಅದರೊಳಗೆ ತೆವಳಿ ಪಾರಾಗುವ ಕಥೆ. ಅರ್ಧ ಮಂದಿ ಕಣ್ಣೊರೆಸಿಕೊಂಡರು. ಇನ್ನರ್ಧ ಮಂದಿ, ಆ ಕೊಳಚೆ ಕೊಳವೆ ಶುದ್ಧ ಸುಳ್ಳು, ಹಾಗಾಗಿ ಸಿನಿಮಾನೂ ಸುಳ್ಳು ಅಂದರು. ತಾವೇನು ಹೇಳುತ್ತೀರಿ?’

ಮೇಷ್ಟ್ರೇ,

ಕೊಳವೆಯ ಮಟ್ಟಿಗೆ ಅನುಮಾನಪಟ್ಟವರದೇ ಸರಿ. ಇಳಿಜಾರಿನಲ್ಲಿ ಸಾಗುವ ಚರಂಡಿ ಕೊಳವೆ ಸಾಮಾನ್ಯವಾಗಿ ತುಂಬಿ ಹರಿಯುವುದಿಲ್ಲ, ಮೇಲ್ಭಾಗದಲ್ಲಿ ಗಾಳಿಗೆ ಜಾಗವಿರುತ್ತದೆ. ಒಳಗೆ ಒತ್ತಡವಿಲ್ಲದ ಮೇಲೆ ಕಲ್ಲಿನಿಂದ ಒಡೆದರೂ ಕೊಳಚೆ ಕಾರಂಜಿಯಂತೆ ಚಿಮ್ಮದು. ಮಳೆನೀರು ನುಗ್ಗಿ ಕೊಳವೆ ತುಂಬಿತ್ತು ಅಂದರೆ ಚಿಮ್ಮೀತು, ಆದರೆ ಆಗ ತೆವಳುವವನಿಗೆ ಉಸಿರಾಡಲು ಗಾಳಿಯಿಲ್ಲ. ಚಿತ್ರ ಎರಡನ್ನೂ ಒಟ್ಟಿಗೆ ನಂಬಿ ಎನ್ನುತ್ತದೆ. ಇನ್ನು ವಿಷಗಾಳಿ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಏರಿದರೆ ಮೂಗಿಗೆ ವಾಸನೆಯೇ ತಿಳಿಯದು, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಗೋಬರ್ ಗ್ಯಾಸ್ ಗುಂಡಿಗೆ ಇಳಿಯಬೇಡಿ ಎಂದು ನಮ್ಮ ಕಡೆ ಮತ್ತೆ ಮತ್ತೆ ಹೇಳುವುದು ಸುಮ್ಮನೆ ಅಲ್ಲ. ದೂರದ ಲೆಕ್ಕವೂ ತಪ್ಪಿದೆ. 500 ಗಜ ತೆವಳಿದ, ಹೆಚ್ಚುಕಡಿಮೆ ಅರ್ಧ ಮೈಲಿ ಎಂದು ಕಥೆಯ ನಿರೂಪಕ, ಆಂಡಿಯ ಗೆಳೆಯನಾದ ಕೈದಿ ರೆಡ್ ಹೇಳುತ್ತಾನೆ. 500 ಗಜ ಅಂದರೆ 457 ಮೀಟರ್, ಅರ್ಧ ಮೈಲಿ ಅಂದರೆ 805.

ಗುಡುಗಿನ ಸದ್ದಿಗೆ ಹೊಂದಿಸಿ ಕೊಳವೆ ಒಡೆಯುವ ಉಪಾಯ ಮಾತ್ರ ಗಟ್ಟಿಯಾಗಿದೆ. ಮಿಂಚು ಮೊದಲು ಕಾಣುತ್ತದೆ, ಸದ್ದು ಕಿಲೋಮೀಟರಿಗೆ ಮೂರು ಸೆಕೆಂಡು ತಡವಾಗಿ ಬರುತ್ತದೆ. ಭರಣಿ, ಕೃತ್ತಿಕೆ ಮಳೆಯ ಗುಡುಗಿಗೆ ಕಿವಿ ಕೊಟ್ಟು ಎಣಿಸಿದವರಿಗೆ ಇದು ಗೊತ್ತು. ಮಿಂಚು ಕಂಡು ಕಲ್ಲೆತ್ತಿ, ಗುಡುಗಿದಾಗ ಹೊಡೆದರೆ ಏಟಿನ ಸದ್ದು ಅದರಲ್ಲೇ ಮುಚ್ಚಿಹೋಗುತ್ತದೆ.

ಅಗೆತವನ್ನೂ ನಂಬಬಹುದು. ದುಂಡನೆಯ ಬಿಲ ಒಂದೂವರೆ ಅಡಿ ಅಗಲ, ನಾಲ್ಕಡಿ ಉದ್ದ ಎಂದಿಟ್ಟುಕೊಳ್ಳಿ. ಸುಮಾರು ಏಳು ಘನ ಅಡಿ ಆಯಿತು. ಘನ ಅಡಿಗೆ 68 ಕೆ.ಜಿ.ಯಂತೆ ಕಾಂಕ್ರೀಟು 480 ಕೆ.ಜಿ. ಆಂಡಿ ಒಳಗಿದ್ದದ್ದು 19 ವರ್ಷ, ಅಗೆತಕ್ಕೆ 17 ಎಂದು ಹಿಡಿದರೂ ದಿನಕ್ಕೆ 80 ಗ್ರಾಂ ದಾಟದು. ಅಷ್ಟು ಪುಡಿಯನ್ನು ಪ್ಯಾಂಟಿನ ಕಾಲಿನಿಂದ ಅಂಗಳಕ್ಕೆ ಉದುರಿಸುವುದು ಕಷ್ಟವಲ್ಲ. ಆಂಡಿಯ ಪುಟ್ಟ ಸುತ್ತಿಗೆಯಲ್ಲಿ ಗೋಡೆ ಕೊರೆಯಲು ಆರುನೂರು ವರ್ಷ ಬೇಕು ಅಂದುಕೊಂಡಿದ್ದ ರೆಡ್‌ನ ಅಂದಾಜೇ ತಪ್ಪು.

ಆದರೆ ಇವೆಲ್ಲ ಮೇಲುಮೇಲಿನ ತಕರಾರುಗಳು. ಈ ಚಿತ್ರವನ್ನು ತೂಗಲು ರಾಬರ್ಟ್ ಬ್ರೆಸಾನ್ 1956ರಲ್ಲಿ ಮಾಡಿದ ಫ್ರೆಂಚ್ ಚಿತ್ರವನ್ನು ಪಕ್ಕದಲ್ಲಿಡಬೇಕು. ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡ ಎಂಬುದೇ ಅದರ ಹೆಸರು, ಅಂದರೆ ಕೊನೆ ಮೊದಲೇ ಗೊತ್ತು. ಅಲ್ಲಿ ಕಾಣುವುದು ಕೈಗಳ ಕೆಲಸ. ಚಮಚವನ್ನು ನೆಲಕ್ಕೆ ಉಜ್ಜಿ ಉಳಿ ಮಾಡುತ್ತಾನೆ, ಓಕ್ ಬಾಗಿಲಿನ ಹಲಗೆಗಳ ನಡುವಿನ ಮೆದು ಮರವನ್ನು ಕೆರೆಯುತ್ತಾನೆ, ಮಂಚದ ತಂತಿ ಸುತ್ತಿ ಬಟ್ಟೆಯ ಹಗ್ಗ ಹೊಸೆಯುತ್ತಾನೆ, ಲಾಟೀನಿನ ಚೌಕಟ್ಟಿನಿಂದ ಕೊಕ್ಕೆ ಬಗ್ಗಿಸುತ್ತಾನೆ. ಒಂದೊಂದು ಕೆರೆತದ ಸದ್ದಿಗೂ ನಾವು ಉಸಿರು ಬಿಗಿಹಿಡಿಯುತ್ತೇವೆ.

ಶಾಷಾಂಕ್ ನಿರ್ದೇಶಕ ಫ್ರಾಂಕ್ ಡರಬಾಂಟ್ ಅದೇ ಕೆಲಸವನ್ನು ಬಚ್ಚಿಡುತ್ತಾನೆ. ಕಥೆ ಹೇಳುವವನು ರೆಡ್, ಅವನಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಹಾಗಾಗಿ ಇದರಲ್ಲಿ ಮೋಸವಿಲ್ಲ. ಸುಳಿವುಗಳೆಲ್ಲ ಕಣ್ಣೆದುರೇ ಇವೆ: ಹತ್ತು ಡಾಲರಿಗೆ ತರಿಸಿದ ಸುತ್ತಿಗೆ, ಬಿಲವನ್ನು ಮರೆಮಾಡುತ್ತ ಗೋಡೆಯ ಮೇಲೆ ಬದಲಾಗುವ ನಟಿಯರ ಪೋಸ್ಟರು, ಜೈಲಿನ ಮುಖ್ಯಾಧಿಕಾರಿ ನಾರ್ಟನ್ ತಪಾಸಣೆಗೆ ಬಂದು ತಾನೇ ಕೈಯಾರೆ ಹಿಂತಿರುಗಿಸುವ, ಒಳಗೆ ಸುತ್ತಿಗೆ ಅಡಗಿದ್ದ ಬೈಬಲು. ಎರಡನೇ ಸಲ ನೋಡುವಾಗ ಆ ಬೈಬಲಿನ ದೃಶ್ಯಕ್ಕೆ ಮೈ ಜುಮ್ಮೆನ್ನುತ್ತದೆ. ಆದರೆ ಬಚ್ಚಿಟ್ಟದ್ದಕ್ಕೆ ಬೆಲೆ ತೆರಬೇಕು. ಇಷ್ಟು ವರ್ಷಗಳ ದುಡಿಮೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಆಂಡಿಯ ದಣಿವು ನಮಗೆ ತಟ್ಟುವುದೇ ಇಲ್ಲ.

ಆ ಕಾಲದ ಭಾರವನ್ನು ಬೇರೆ ಇಬ್ಬರು ಹೊರುತ್ತಾರೆ, ಚಿತ್ರ ದೊಡ್ಡದಾಗುವುದೂ ಅಲ್ಲೇ. ಐವತ್ತು ವರ್ಷ ಒಳಗಿದ್ದು ಬಿಡುಗಡೆಯಾದ ಮುದುಕ ಬ್ರೂಕ್ಸ್‌ಗೆ ರಸ್ತೆ ದಾಟಲು ಭಯ, ಕೇಳದೆ ಮೂತ್ರಕ್ಕೆ ಹೋಗಲು ರೆಡ್‌ಗೆ ಆಗುವುದಿಲ್ಲ. ಕೈದಿಯನ್ನು ಅವಧಿಗೆ ಮೊದಲೇ ಬಿಡಬಹುದೇ ಎಂದು ತೀರ್ಮಾನಿಸುವ ಪೆರೋಲ್ ಮಂಡಳಿಯ ಎದುರು ರೆಡ್ ಮೂರು ಸಲ ನಿಲ್ಲುತ್ತಾನೆ, 20, 30, 40 ವರ್ಷಗಳ ನಂತರ. ಮೊದಲೆರಡು ಸಲ ಅವೇ ಬಾಯಿಪಾಠದ ಮಾತು. ಮೂರನೇ ಸಲ ಮಾರ್ಗನ್ ಫ್ರೀಮನ್ ಅಭಿನಯ ನೋಡಿ: ಮಂಡಳಿಯವರನ್ನು ಮೆಚ್ಚಿಸುವ ಆಸೆ ಆ ಮುಖದಲ್ಲಿ ಒಣಗಿಹೋಗಿದೆ.

ನಿಜವಾದ ದೋಷಗಳಿಗೆ ಬರೋಣ. ಸ್ಟೀಫನ್ ಕಿಂಗ್ ಬರೆದ 1982ರ ಮೂಲಕಥೆಯಲ್ಲಿ ಜೈಲಿನ ಮುಖ್ಯಾಧಿಕಾರಿಗಳು ಒಬ್ಬರಾದ ಮೇಲೊಬ್ಬರು ಬದಲಾಗುತ್ತಾರೆ, ಕೇಡು ಉಳಿಯುತ್ತದೆ. ಆಂಡಿ ನಿರಪರಾಧಿ ಎಂದು ಗೊತ್ತಿರುವ ಹುಡುಗ ಟಾಮಿಯನ್ನು ಬೇರೆ ಜೈಲಿಗೆ ಸಾಗಿಸಿ ಬಾಯಿ ಮುಚ್ಚಿಸುತ್ತಾರೆ. ಚಿತ್ರದಲ್ಲಿ ಅವನನ್ನು ಗುಂಡಿಕ್ಕಿ ಕೊಲ್ಲಿಸುತ್ತಾರೆ, ಇಡೀ ಕೇಡನ್ನು ನಾರ್ಟನ್ ಒಬ್ಬನ ತಲೆಗೆ ಕಟ್ಟುತ್ತಾರೆ, ಅವನು ಸತ್ತಾಗ ನಮಗೆ ನಿರಾಳ. ವ್ಯವಸ್ಥೆ ಮೆಲ್ಲಗೆ ನುಣುಚಿಕೊಳ್ಳುತ್ತದೆ. ಇದು ಕೊಳವೆಗಿಂತ ದೊಡ್ಡ ಸುಳ್ಳು. 1940, 50ರ ದಶಕದ ಅಮೆರಿಕದ ಜೈಲಿನ ಕಥೆಯಲ್ಲಿ ಕರಿಯ ಬಿಳಿಯ ಎಂಬ ಭೇದದ ಬಗ್ಗೆ ಮಾತೇ ಇಲ್ಲ. ಮೂಲದಲ್ಲಿ ರೆಡ್ ಐರಿಷ್ ವಂಶದವನು. ಫ್ರೀಮನ್‌ರನ್ನು ಆರಿಸಿದ್ದು ಒಳ್ಳೆಯದೇ ಆಯಿತು, ಆದರೆ ಆ ಆಯ್ಕೆ ಎತ್ತುವ ಪ್ರಶ್ನೆಯನ್ನು ಚಿತ್ರ ಒಂದು ನಗೆಮಾತಿನಲ್ಲಿ ದಾಟಿಬಿಡುತ್ತದೆ. ರೆಡ್‌ನ ಹಿನ್ನೆಲೆ ಮಾತೂ ಅತಿಯಾಯಿತು. ಆಂಡಿ ಧ್ವನಿವರ್ಧಕದಲ್ಲಿ ಹಾಕಿದ ಮೊಜಾರ್ಟ್‌ನ ಒಪೆರಾದ ಇಬ್ಬರು ಹೆಂಗಸರ ಹಾಡಿಗೆ ಇಡೀ ಅಂಗಳ ನಿಂತಲ್ಲೇ ನಿಂತಿದೆ, ರೋಜರ್ ಡೀಕಿನ್ಸ್ ಕ್ಯಾಮೆರಾ ಎಲ್ಲವನ್ನೂ ಹೇಳಿ ಮುಗಿಸಿದೆ. ಆಗಲೂ ಅವನು ವಿವರಿಸುತ್ತಾನೆ.

ಕೊನೆಯ ದೃಶ್ಯದ ಬಗ್ಗೆ ಒಂದು ಮಾತು. ಡರಬಾಂಟ್ ಮೊದಲು ಬರೆದ ಚಿತ್ರಕಥೆ ರೆಡ್ ಬಸ್ಸಿನಲ್ಲಿ ಹೊರಟಲ್ಲಿಗೇ ಮುಗಿಯುತ್ತಿತ್ತು. ಕಡಲ ತೀರದಲ್ಲಿ ಅವನು ಆಂಡಿಯನ್ನು ಕಾಣುವ ಭೇಟಿ ನಿರ್ಮಾಣ ಸಂಸ್ಥೆಯ ಸಲಹೆಯಿಂದ ಸೇರಿದ್ದು. ಸಿನಿಮಾ ನೋಡಿದ ಮೇಲೆ ಕೂತು ಚರ್ಚಿಸುವ ರೂಢಿಯನ್ನು ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1973ರಿಂದಲೇ ನಮ್ಮ ಜಿಲ್ಲೆಯಲ್ಲಿ ಬೆಳೆಸಿದೆ. ನಿಮ್ಮ ಬಳಗ ಇನ್ನೊಮ್ಮೆ ನೋಡುವಾಗ ಆ ಬಸ್ಸಿನ ಬಳಿಯೇ ನಿಲ್ಲಿಸಿ, ಚರ್ಚೆ ಅಲ್ಲಿಂದ ಶುರುಮಾಡಿ. ಉಳಿದ ದೃಶ್ಯ ಬೇಕೆನ್ನುವವರು ಎಷ್ಟು, ಬೇಡವೆನ್ನುವವರು ಎಷ್ಟು ಎಂದು ನಮಗೂ ಬರೆದು ತಿಳಿಸಿ.