ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಮಾಡಿಸಿದ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿನ ಹೆಸರಿಗೆ ಹಾಕಿ, ಮುಂದೆ ಯಾರಿಗೆ ಹೋಗಬೇಕು ಎಂದು ಬರೆದಿಡುವ ವ್ಯವಸ್ಥೆ) ಅನ್ನು ಈಗ ತಿದ್ದಿಸಬೇಕಾ? ಖರ್ಚೆಷ್ಟು?

ಮನೆಯಲ್ಲಿ ಮದುವೆ, ವಿಚ್ಛೇದನ, ಸಾವು, ಹೊಸ ಆಸ್ತಿ ಏನಾದರೂ ಆಗಿದ್ದರೆ ತಿದ್ದಿಸಿ. ಒಂದೆರಡು ಹೆಸರು ಬದಲಿಸಲು ವಕೀಲರು ಸಾಮಾನ್ಯವಾಗಿ ಕೆಲವು ನೂರು ಡಾಲರ್ ಕೇಳುತ್ತಾರೆ. ಇಡೀ ಪತ್ರ ಹೊಸದಾಗಿ ಬರೆಸಿದರೆ ಸಾವಿರ ದಾಟಬಹುದು.

ಆದರೆ ಟ್ರಸ್ಟ್ ಪತ್ರಕ್ಕಿಂತ ಮೊದಲು ಮನೆಯ ಡೀಡ್, ಅಂದರೆ ಮನೆ ಯಾರ ಹೆಸರಿನಲ್ಲಿದೆ ಎಂದು ಹೇಳುವ ದಾಖಲೆ, ತೆಗೆದು ನೋಡಿ. ಟ್ರಸ್ಟಿನ ಮಾತು ನಡೆಯುವುದು ಅದರ ಹೆಸರಿನಲ್ಲಿರುವ ಆಸ್ತಿಯ ಮೇಲೆ ಮಾತ್ರ. ರೀಫೈನಾನ್ಸ್ (ಹಳೆ ಮನೆ ಸಾಲ ತೀರಿಸಿ ಹೊಸ ಸಾಲ) ಮಾಡಿಸುವಾಗ ಕೆಲವು ಬ್ಯಾಂಕುಗಳು ಮನೆಯನ್ನು ಟ್ರಸ್ಟಿನಿಂದ ತೆಗೆಸಿ ನಿಮ್ಮ ಹೆಸರಿಗೆ ಮಾಡಿಸುತ್ತವೆ. ಬಡ್ಡಿ ಇಳಿದ ಖುಷಿಯಲ್ಲಿ ವಾಪಸ್ ಹಾಕುವುದು ಮರೆತೇ ಹೋಗುತ್ತದೆ. ಆಗ ಟ್ರಸ್ಟ್ ಫೈಲಿನಲ್ಲಿ ಸುಮ್ನೆ ಕೂತಿರುತ್ತದೆ, ಮನೆ ಪ್ರೊಬೇಟ್‌ಗೆ, ಅಂದರೆ ಕೋರ್ಟ್ ಮೂಲಕ ಆಸ್ತಿ ಹಂಚುವ ದಾರಿಗೆ, ಹೋಗಬಹುದು.

ಅಲ್ಲಿ 10 ಲಕ್ಷ ಡಾಲರ್ ಮನೆಗೆ ಕಾನೂನಿನ ಲೆಕ್ಕದಲ್ಲಿ ವಕೀಲರ ಶುಲ್ಕವೇ 23,000 ಡಾಲರ್. ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದವರೂ ಅಷ್ಟೇ ಕೇಳಬಹುದು. ಮನೆ ಸಾಲ ಬಾಕಿಯಿದ್ದರೂ ಅದನ್ನು ಕಳೆಯುವುದಿಲ್ಲ, ಪೂರ್ತಿ ಬೆಲೆಯ ಮೇಲೇ ಲೆಕ್ಕ! ಅದರ ಮುಂದೆ ಡೀಡ್ ಸರಿಮಾಡಿಸುವ ಖರ್ಚು ತೀರಾ ಕಡಿಮೆ, ಅಲ್ವಾ?

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸೈಟ್ ಇದ್ದರೆ ಅದನ್ನು ಈ ಟ್ರಸ್ಟಿನ ಭರವಸೆಗೆ ಬಿಡಬೇಡಿ. ಅದಕ್ಕೆ ಅಲ್ಲಿನ ವಕೀಲರಿಂದಲೇ ಬೇರೆ ವಿಲ್ ಬರೆಸಿ.