ಸ್ಟಿಯರಿಂಗ್ ಗ್ರೂಪ್ ಅಂದರೆ ಸುಮ್ನೆ ಮೀಟಿಂಗ್ ಅಲ್ಲ

ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ಹವಾಮಾನ ಅಧ್ಯಯನಕ್ಕೆ ವಿಜ್ಞಾನಿಗಳದ್ದೇ ಒಂದು ಸ್ಟಿಯರಿಂಗ್ ಗ್ರೂಪ್, ಅಂದರೆ ಸಂಶೋಧನೆಯ ದಿಕ್ಕು ನಿರ್ಧರಿಸುವ ಗುಂಪು, ಯಾಕೆ ಬೇಕು, ಆಯಾ ದೇಶ ತನ್ನ ಪಾಡಿಗೆ ಅಳೆದುಕೊಂಡರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು.

ಈ ಸಮುದ್ರದ ದಡದಲ್ಲೇ 9 ದೇಶಗಳಿವೆ. ಅದಕ್ಕೆ ನೀರು ಹರಿದು ಬರುವ ನೆಲ ಸಮುದ್ರಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಒಬ್ಬರ ನದಿ ಇನ್ನೊಬ್ಬರ ಕರಾವಳಿಯನ್ನು ಬದಲಿಸುತ್ತದೆ, ಅಲ್ವಾ?

ಉಪ್ಪನ್ನೇ ನೋಡಿ. ಸಾಗರದ ಒಂದು ಕೆಜಿ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಬಾಲ್ಟಿಕ್ ನಡುಭಾಗದ ಮೇಲ್ಪದರದಲ್ಲಿ ಏಳೇ ಗ್ರಾಂ. ಮಳೆ ಜಾಸ್ತಿಯಾಗಿ ನದಿಗಳು ತುಂಬಿದರೆ ನೀರು ಇನ್ನೂ ಸಪ್ಪೆಯಾಗಬೇಕು. ಆದರೆ ಸಮುದ್ರಮಟ್ಟ ಏರಿದರೆ ಡೆನ್ಮಾರ್ಕ್ ಬಳಿಯ ಕಿರಿದಾದ ಜಲಸಂಧಿಗಳಿಂದ ಉಪ್ಪುನೀರು ಹೆಚ್ಚು ನುಗ್ಗಬಹುದು. ಯಾವುದು ಗೆಲ್ಲುತ್ತದೆ? ಇನ್ನೂ ಖಚಿತವಿಲ್ಲ. ಕಾಡ್ ಮೀನಿನ ಮೊಟ್ಟೆ ಉಳಿಯುವುದೂ ನೀರಿನ ಉಪ್ಪಿನ ಮೇಲೆ ನಿಂತಿದೆ. ಒಂದೇ ದೇಶದ ಅಳತೆಯಿಂದ ಇದು ಬಿಡಿಸಲಾಗದ ಗಂಟು.

ಇಂಥ ಪ್ರಶ್ನೆಗಳಲ್ಲಿ ಯಾವುದು ಮೊದಲು ಎಂದು ಆರಿಸುವುದೇ ಆ ಗುಂಪಿನ ಮುಖ್ಯ ಕೆಲಸ. 1990ರ ದಶಕದಲ್ಲಿ ಶುರುವಾದ ಬಾಲ್ಟೆಕ್ಸ್ ಎಂಬ ಸಂಶೋಧನಾ ಕಾರ್ಯಕ್ರಮ ನೀರು ಮತ್ತು ಶಕ್ತಿಯ ಚಕ್ರದ ಮೇಲೆ ಗಮನ ಇಟ್ಟಿತ್ತು. 2013ರಲ್ಲಿ ಅದರ ಜಾಗಕ್ಕೆ ಬಂದ ಬಾಲ್ಟಿಕ್ ಅರ್ತ್ ಉಪ್ಪು, ಸಮುದ್ರಮಟ್ಟ, ನೆಲ-ಸಮುದ್ರದ ಪೋಷಕಾಂಶ, ಮನುಷ್ಯರ ಪ್ರಭಾವ ಎಲ್ಲವನ್ನೂ ಸೇರಿಸಿಕೊಂಡಿತು. ಸಮ್ಮೇಳನ, ಯುವ ಸಂಶೋಧಕರ ಬೇಸಿಗೆ ಶಾಲೆಗಳೂ ನಡೆಯುತ್ತವೆ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸುವುದು ಅವರ ಮೌಲ್ಯಮಾಪನ ವರದಿಗಳು. ಎಲ್ಲಿ ಒಮ್ಮತ ಇದೆ, ಎಲ್ಲಿ ಇಲ್ಲ ಎಂದು ನೇರವಾಗಿ ಬರೆಯುತ್ತಾರೆ. ಓದುವುದಾದರೆ ಅಲ್ಲಿಂದಲೇ ಶುರು ಮಾಡಿ.